ಬದುಕು ಹೋಲಿಸ್ಟಿಕ್, ಓಸಿ ಪಾರ್ಷಿಯಲ್

ಸರ್ಜಾಪುರ ರಸ್ತೆಯ ಬದಿಯಲ್ಲಿ ಒಂದು ದೊಡ್ಡ ಫ್ಲೆಕ್ಸ್ ಎದ್ದಿದೆ. ಬಿಳಿ ಕುರ್ತಾ ಹಾಕಿದ ಗಂಡ ಹೆಂಡತಿ ಕಣ್ಣು ಮುಚ್ಚಿ ಪದ್ಮಾಸನದಲ್ಲಿ ಕೂತಿದ್ದಾರೆ. ಅವರ ಬೆನ್ನ ಹಿಂದೆ ಇಪ್ಪತ್ತಾರು ಮಹಡಿಯ ಕಟ್ಟಡ. ಕೆಳಗೆ ಎರಡೇ ಪದ: ‘ಹೋಲಿಸ್ಟಿಕ್ ಲಿವಿಂಗ್’. ಅಂದರೆ ಇಡಿಯಾದ ಬದುಕು. ಫ್ಲೆಕ್ಸ್‌ನ ಬುಡದಲ್ಲಿ ನೀರಿನ ಟ್ಯಾಂಕರ್‌ಗಳು ಸಾಲಾಗಿ ನಿಂತಿವೆ. ಮೇಲಿನವರು ಯಾಕೆ ಕಣ್ಣು ಮುಚ್ಚಿದ್ದಾರೆ ಅಂತ ಆಗ ಗೊತ್ತಾಗುತ್ತದೆ.

ಸೈಟ್ ಆಫೀಸಿನೊಳಗೆ ಹೋದರೆ ಮೊದಲು ಸಿಗುವುದು ನಿಂಬೆಹುಲ್ಲಿನ ಟೀ. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾಡೆಲ್. ಟೈ ಕಟ್ಟಿದ ಹುಡುಗ ಲೇಸರ್ ಲೈಟ್ ಬಿಟ್ಟು ಒಂದೊಂದೇ ತೋರಿಸುತ್ತಾನೆ. "ಇದು ಮೆಡಿಟೇಶನ್ ಡೆಕ್ ಸರ್. ಇದು ಬರಿಗಾಲಲ್ಲಿ ನಡೆಯೋ ದಾರಿ. ಇದು ಹರ್ಬಲ್ ಗಾರ್ಡನ್." ಹರ್ಬಲ್ ಗಾರ್ಡನ್ ಅಂದರೆ ಎರಡು ತುಳಸಿ, ಒಂದು ದೊಡ್ಡಪತ್ರೆ, ಒಂದು ಲೋಳೆಸರ. ನಮ್ಮ ಅಜ್ಜಿ ಇದನ್ನು ಹಿತ್ತಿಲು ಅಂತಿದ್ದರು, ಚದರಡಿಗೆ ದುಡ್ಡು ಕೇಳುತ್ತಿರಲಿಲ್ಲ.

"ಕಾವೇರಿ ನೀರು?"

"ಅಪ್ಲೈ ಮಾಡಿದ್ದೀವಿ ಸರ್."

"ಓಸಿ? ಅದೇ, ವಾಸ ಮಾಡಬಹುದು ಅಂತ ಕೊಡೋ ಆಕ್ಯುಪೆನ್ಸಿ ಸರ್ಟಿಫಿಕೇಟು?"

"ಪಾರ್ಷಿಯಲ್ ಓಸಿ ಬಂದಿದೆ ಸರ್. ಉಳಿದಿದ್ದು ಪ್ರಾಸೆಸ್‌ನಲ್ಲಿದೆ."

ಬದುಕು ಪೂರ್ತಿ, ಓಸಿ ಮಾತ್ರ ಅರ್ಧಂಬರ್ಧ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲೇ ಹೇಳಿದೆ. ಧ್ಯಾನಕ್ಕೆ ಕರೆಂಟು ಬೇಕಿಲ್ಲ, ಒಪ್ಪೋಣ. ಇಪ್ಪತ್ತಾರನೇ ಮಹಡಿಯ ಲಿಫ್ಟಿಗೆ ಬೇಕಲ್ವಾ?

ಕೊನೆಗೆ ಕೈಗೆ ಬರುವುದು ಕಾಸ್ಟ್ ಶೀಟ್. ಇಡಿಯಾಗಿದ್ದದ್ದು ಇಲ್ಲಿ ಹೋಳು ಹೋಳಾಗುತ್ತದೆ. ಬೇಸ್ ರೇಟ್ ಒಂದು ಸಾಲು. ಮೇಲಿನ ಮಹಡಿ ಬೇಕಾದರೆ ಫ್ಲೋರ್ ರೈಸ್, ಅದು ಇನ್ನೊಂದು ಸಾಲು. ಕ್ಲಬ್‌ಹೌಸ್ ಬೇರೆ. ಪಾರ್ಕಿಂಗ್ ಬೇರೆ. ಬೆಸ್ಕಾಂ, ಜಲಮಂಡಳಿ ಡೆಪಾಸಿಟ್ ಬೇರೆ. ಬಾಗಿಲು ಪೂರ್ವಕ್ಕೆ ಇದ್ದರೆ, ಕಿಟಕಿಯಿಂದ ಮರ ಕಾಣಿಸಿದರೆ ಅದಕ್ಕೂ ಒಂದು ಚಾರ್ಜು. ಮರ ಕಾಣಿಸುತ್ತೆ, ಆದರೆ ನಾನು ನೋಡಲ್ಲ ಅಂದರೆ ಬಿಡುವುದಿಲ್ಲ. ಬಿಲ್ಡರ್‌ಗಳಿಗೆ ಕಡಿವಾಣ ಹಾಕುವ ರೇರಾ ಕಾಯ್ದೆ ಬಂದದ್ದು 2016ರಲ್ಲಿ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಎಷ್ಟು ಎಂದು ಬರೆದು ಕೊಡಲೇಬೇಕು. ಹಾಗಾಗಿ ಅದು ಅಗ್ರಿಮೆಂಟಿನಲ್ಲಿ ಇರುತ್ತದೆ. ಹುಡುಗನ ಬಾಯಲ್ಲಿ ಬರುವುದು ಈಗಲೂ ಸೂಪರ್ ಬಿಲ್ಟ್‌ಅಪ್. ಕಾರಿಡಾರು, ಮೆಟ್ಟಿಲು, ಲಿಫ್ಟಿನ ಗುಂಡಿ ಎಲ್ಲದರ ಪಾಲೂ ಸೇರಿ ನಿಮ್ಮ ಮನೆ. ನ್ಯಾಯವಾಗಿ ಹೇಳಬೇಕೆಂದರೆ ಈ ಇಡೀ ವ್ಯವಹಾರದಲ್ಲಿ ಹೋಲಿಸ್ಟಿಕ್ ಆಗಿರೋದು ಈ ಲೆಕ್ಕ ಒಂದೇ.

ಮೆಜೆಸ್ಟಿಕ್ ಕಡೆಯ ಯಾವುದಾದರೂ ಹೋಟೆಲಿಗೆ ಹೋಗಿ ನೋಡಿ. ‘ಫುಲ್ ಮೀಲ್ಸ್’ ಅಂತ ಬೋರ್ಡಿರುತ್ತದೆ. ಪೂರಿ, ಎರಡು ಪಲ್ಯ, ಹುಳಿ, ಸಾರು, ಅನ್ನ, ಮೊಸರು, ಹಪ್ಪಳ. ಹಪ್ಪಳ ಬರಲಿಲ್ಲ ಅಂದರೆ ಗಿರಾಕಿ ಕೂತಲ್ಲಿಂದಲೇ ಕೂಗುತ್ತಾನೆ, ಸಪ್ಲೈಯರ್ ಓಡಿ ಬರುತ್ತಾನೆ. ‘ಸ್ವೀಟ್ ಎಕ್ಸ್‌ಟ್ರಾ’ ಎಂದು ಗೋಡೆ ಮೇಲೆ ಬರೆದೇ ಇರುತ್ತಾರೆ. ಅಲ್ಲಿ ಫುಲ್ ಅನ್ನೋದಕ್ಕೆ ಲೆಕ್ಕ ಇದೆ. ಹೋಲಿಸ್ಟಿಕ್‌ಗೆ ಅಂಥ ಪಟ್ಟಿಯೇ ಇಲ್ಲ, ಹಾಗಾಗಿ ಏನು ಬರಲಿಲ್ಲ ಅಂತ ಕೂಗೋದು? ಮಾರುವವರಿಗೆ ಈ ಪದದ ಮೇಲೆ ಅಷ್ಟು ಪ್ರೀತಿ ಸುಮ್ನೆ ಬಂದದ್ದಲ್ಲ.

ಅಂದ ಹಾಗೆ ಇದನ್ನು ಹುಟ್ಟಿಸಿದವರು ಯೋಗ ಗುರುವೂ ಅಲ್ಲ, ಸ್ವಾಮೀಜಿಯೂ ಅಲ್ಲ. ದಕ್ಷಿಣ ಆಫ್ರಿಕಾದ ಜನರಲ್ ಯಾನ್ ಸ್ಮಟ್ಸ್. ಗಾಂಧೀಜಿಯನ್ನು ಜೈಲಿಗೆ ಹಾಕಿಸಿದ ಅದೇ ಸ್ಮಟ್ಸ್. ಗಾಂಧೀಜಿ ಜೈಲಲ್ಲಿ ಕೂತು ಚಪ್ಪಲಿ ಹೊಲಿದು ಈ ಪುಣ್ಯಾತ್ಮನಿಗೇ ಉಡುಗೊರೆ ಕೊಟ್ಟರು. ಸಾಹೇಬರು 1924ರಲ್ಲಿ ಚುನಾವಣೆ ಸೋತರು. ಪ್ರಧಾನಿ ಕುರ್ಚಿ ಹೋಯಿತು, ಬಿಡುವು ಸಿಕ್ಕಿತು. ಸೋತ ರಾಜಕಾರಣಿ ನಮ್ಮಲ್ಲಾದರೆ ದೇವಸ್ಥಾನ ಸುತ್ತುತ್ತಾನೆ, ಅವರು ಪುಸ್ತಕ ಬರೆದರು. 1926ರಲ್ಲಿ ‘ಹೋಲಿಸಂ ಆ್ಯಂಡ್ ಎವಲ್ಯೂಷನ್’ ಬಂತು. ಬಿಡಿ ಬಿಡಿ ಭಾಗಗಳನ್ನು ಕೂಡಿಸಿದರೆ ಬರುವ ಮೊತ್ತಕ್ಕಿಂತ ಇಡಿಯಾದದ್ದು ದೊಡ್ಡದು, ಪ್ರಕೃತಿಯೇ ಹೀಗೆ ಇಡಿಯಾಗುವ ಕಡೆಗೆ ಸಾಗುತ್ತದೆ ಎಂಬುದು ಅದರ ತಿರುಳು. ಒಳ್ಳೆಯ ವಿಚಾರವೇ.

ಇದಾಗಿ ಇಪ್ಪತ್ತು ವರ್ಷಕ್ಕೆ, ಮತ್ತೆ ಪ್ರಧಾನಿಯಾಗಿದ್ದಾಗ, ಅವರ ಸರ್ಕಾರ ಒಂದು ಕಾಯ್ದೆ ತಂದಿತು. ಭಾರತೀಯರು ಎಲ್ಲಿ ಜಾಗ ಕೊಳ್ಳಬಹುದು, ಎಲ್ಲಿ ಕೊಳ್ಳಬಾರದು ಅಂತ. 1946ರ ಆ ಕಾಯ್ದೆಗೆ ಜನ ‘ಘೆಟ್ಟೋ ಆ್ಯಕ್ಟ್’ ಅಂದರು. ಅದೇ ವರ್ಷ ಭಾರತ ಅವರ ಮೇಲೆ ವಿಶ್ವಸಂಸ್ಥೆಗೆ ದೂರು ಒಯ್ದಿತು. ವಿಶ್ವವೆಲ್ಲ ಒಂದೇ, ಡರ್ಬನ್‌ನ ಸೈಟು ಮಾತ್ರ ಬೇರೆ ಬೇರೆ. ಹೋಲಿಸ್ಟಿಕ್‌ಗೆ ‘ಕಂಡೀಷನ್ಸ್ ಅಪ್ಲೈ’ ಅನ್ನೋದು ಮನೆಯಿಂದಲೇ ಬಂದದ್ದು. ರಿಯಲ್ ಎಸ್ಟೇಟಿನವರನ್ನು ಸುಮ್ನೆ ಬೈಯಬಾರದು, ಅವರದು ಪಿತ್ರಾರ್ಜಿತ.

ಈಗ ನಾಯಿಗೂ ಹೋಲಿಸ್ಟಿಕ್ ಬಂದಿದೆ. ಚೀಲದ ಮುಂದೆ ಬಂಗಾರದ ಬಣ್ಣದಲ್ಲಿ ಆ ಪದ, ಪಕ್ಕದಲ್ಲಿ ಒಂದು ಲ್ಯಾಬ್ರಡಾರ್ ಸೂರ್ಯೋದಯ ನೋಡುತ್ತಿದೆ. ಚೀಲ ತಿರುಗಿಸಿ, ಕನ್ನಡಕ ಏರಿಸಿ ಓದಿದರೆ ಒಣಗಿಸಿದ ಕೋಳಿ, ಅಕ್ಕಿ, ಬಟಾಣಿ, ಮೀನೆಣ್ಣೆ. ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಾದರಿ ನಿಯಮ ರೂಪಿಸುವ ಆಫ್ಕೋ ಎಂಬ ಸಂಘವಿದೆ. ‘ಕಂಪ್ಲೀಟ್ ಆ್ಯಂಡ್ ಬ್ಯಾಲೆನ್ಸ್ಡ್’ ಅಂತ ಬರೆಯಬೇಕಾದರೆ ಅದರ ಪೋಷಕಾಂಶದ ಲೆಕ್ಕಕ್ಕೆ ಸರಿಹೊಂದಬೇಕು, ಇಲ್ಲವೇ ಪ್ರಾಣಿಗಳಿಗೆ ತಿನ್ನಿಸಿ ಪರೀಕ್ಷೆ ಮಾಡಿರಬೇಕು. ‘ಹೋಲಿಸ್ಟಿಕ್’ ಅಂತ ಬರೆಯಲು? ಪ್ರಿಂಟಿಂಗ್ ಪ್ರೆಸ್ ಇದ್ದರೆ ಸಾಕು.

ನಮ್ಮಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಆಹಾರದ ಜಾಹೀರಾತಿಗೆ 2018ರಲ್ಲಿ ನಿಯಮ ಬಂತು. ‘ನ್ಯಾಚುರಲ್’, ‘ಫ್ರೆಶ್’, ‘ಪ್ಯೂರ್’, ‘ಟ್ರೆಡಿಷನಲ್’ ಎಂಬ ಮಾತುಗಳನ್ನು ಯಾವಾಗ ಬಳಸಬಹುದು ಎಂದು ಅದರಲ್ಲಿ ಬರೆದಿದ್ದಾರೆ. ಹೋಲಿಸ್ಟಿಕ್ ಆ ಪಟ್ಟಿಯಲ್ಲಿಲ್ಲ. ಇನ್ನು ಔಷಧಿಯ ವಿಷಯ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ, 1954ರಿಂದಲೇ ಅದಕ್ಕೆ ಕಾಯ್ದೆ ಇದೆ. ಹಾಗಾಗಿ ಬುದ್ಧಿವಂತರು ‘ನಿಮ್ಮ ಸಕ್ಕರೆಯೊಂದಿಗೆ ಒಂದು ಹೋಲಿಸ್ಟಿಕ್ ಪಯಣ’ ಅಂತಾರೆ. ಪಯಣ ಎಲ್ಲಿಗೆ ಅಂತ ಹೇಳಿಲ್ಲವಲ್ಲ.

ಶಾಲೆಗಳ ಬಗ್ಗೆ ಜಾಸ್ತಿ ಹೇಳೋದು ಬೇಡ. ಮೊದಲು ‘ಸರ್ವತೋಮುಖ ಅಭಿವೃದ್ಧಿ’ ಅಂತಿದ್ದರು, ಅದನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ, ಅಷ್ಟೇ. ಆಟದ ಮೈದಾನ ಎಲ್ಲಿ ಎಂದು ಕೇಳಿದರೆ ಬೇಸ್‌ಮೆಂಟ್ ತೋರಿಸುತ್ತಾರೆ. ಅಲ್ಲಿ ಕೇರಂ ಬೋರ್ಡ್ ಇದೆ, ಪಕ್ಕದಲ್ಲಿ ಪ್ರಿನ್ಸಿಪಾಲರ ಕಾರು ಇದೆ.

ಆಸ್ಪತ್ರೆಯ ಬಾಗಿಲಲ್ಲೂ ‘ಹೋಲಿಸ್ಟಿಕ್ ಕೇರ್’ ಎಂದು ಹಿತ್ತಾಳೆ ಅಕ್ಷರ. ಮಂಡಿ ನೋವು ಅಂತ ಹೋದಿರಿ. ಹಾಗೇ ಬೆನ್ನೂ ನೋಯ್ತಿದೆ ಡಾಕ್ಟ್ರೇ ಅಂದಿರಿ. "ಬೆನ್ನಾ? ಅದು ಮೂರನೇ ಫ್ಲೋರು. ಬೇರೆ ಅಪಾಯಿಂಟ್‌ಮೆಂಟ್ ತಗೊಳ್ಳಿ." ಅಲ್ಲಿ ಹೊಸ ಫೈಲು, ಹೊಸ ಫೀಸು. ನಿದ್ದೆ ಬರ್ತಿಲ್ಲ ಅಂದರೆ ಆರನೇ ಫ್ಲೋರು. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ವೀಲ್‌ಚೇರ್ ತಳ್ಳುತ್ತಾನಲ್ಲ ಅಟೆಂಡರ್, ಅವನೇ ಲಿಫ್ಟಿನಲ್ಲಿ ಕೇಳುತ್ತಾನೆ. "ಊಟ ಆಯ್ತಾ ಅಜ್ಜಾ? ಮನೇಲಿ ಯಾರ‍್ಯಾರಿದ್ದಾರೆ? ಮಗ ಬಂದಿಲ್ವಾ?" ರೋಗಿಯನ್ನು ಇಡಿಯಾಗಿ ನೋಡಿದವನು ಆ ಕಟ್ಟಡದಲ್ಲಿ ಅವನೊಬ್ಬನೇ. ಬಿಲ್ಲಿನಲ್ಲಿ ಅವನ ಹೆಸರಿಗೆ ಸಾಲೂ ಇಲ್ಲ.

ಮೊನ್ನೆ ನಮ್ಮ ಹತ್ತಿರದ ಸಂಬಂಧಿಕರ ಮನೆಯಲ್ಲಿ ಸಾವಾಯಿತು. ಎಂಬತ್ತು ದಾಟಿದ ಜೀವ, ನೆಮ್ಮದಿಯಾಗಿ ಹೋದರು. ಸಂಜೆಯೊಳಗೆ ಯಾರೋ ವಾಟ್ಸ್‌ಆ್ಯಪ್‌ಗೆ ಕ್ರಿಯಾಕರ್ಮದ ಪ್ಯಾಕೇಜ್ ಕಳಿಸಿದರು. ಸಿಲ್ವರ್ ಪ್ಲಾನ್, ಗೋಲ್ಡ್ ಪ್ಲಾನ್. ತಲೆಬರಹ ‘ಹೋಲಿಸ್ಟಿಕ್ ವಿದಾಯ’. ಪುರೋಹಿತರು, ದರ್ಭೆ, ಎಳ್ಳು, ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಕಾರು, ವೈಕುಂಠ ಸಮಾರಾಧನೆಗೆ ವಡೆ ಪಾಯಸ, ಎಲ್ಲ ಸೇರಿದೆ. ನಮ್ಮ ದೊಡ್ಡಪ್ಪ ಹಳೇ ಕಾಲದ ಶಾನುಭೋಗರ ವಂಶ, ಕೊನೆಯ ಸಾಲಿನವರೆಗೆ ಓದದೆ ಬಿಡುವವರಲ್ಲ. ಓದಿ, ಅಲ್ಲಿದ್ದ ನಂಬರಿಗೆ ಫೋನ್ ಹಚ್ಚಿದರು.

"ಪಿಂಡ ಅಂತ ಬರೆದಿದ್ದೀರಮ್ಮಾ. ಕಾಗೆ?"

ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. "ಕಾಗೆ ಬರೋದು ಕಂಪನಿ ಕೈಲಿಲ್ಲ ಸರ್. ಗೋಲ್ಡ್ ಪ್ಲಾನ್ ತಗೊಂಡ್ರೆ ಟ್ರೈ ಮಾಡ್ತೀವಿ."