ತಲೆ ಎತ್ತ, ಕಾಲು ಎತ್ತ?

ಚೀನಾದ ವಾಸ್ತು ಪದ್ಧತಿಯಾದ ಫೆಂಗ್ ಶೂಯಿಯ ಒಂದೊಂದು ನಿಯಮವೂ ಬಿಡಿಯಾಗಿ ನೋಡಿದರೆ ಸಾಧು. ಎಲ್ಲವನ್ನೂ ಒಟ್ಟಿಗೆ ಮಲಗುವ ಕೋಣೆಗೆ ಬಿಟ್ಟಾಗಲೇ ಕಾದಾಟ ಶುರು.

ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಮಂಚ ಅದಕ್ಕೆ ನೇರವಾಗಿರಬಾರದು. ಬಾಗಿಲ ಕಡೆ ಕಾಲು ಚಾಚುವುದು ಹೆಣದ ಭಂಗಿಯಂತೆ. ಹಾಗಾಗಿ ಬಾಗಿಲಿಂದ ಓರೆಯಾಗಿ ದೂರವಿರುವ ಜಾಗವೇ ಶ್ರೇಷ್ಠ. ಇದನ್ನು ಕೇಳಿದವರು ಮಂಚವನ್ನು ಮೂಲೆಗೆ ತಳ್ಳಿ ಎರಡು ಗೋಡೆಗೂ ಅಂಟಿಸುತ್ತಾರೆ. ಎರಡೂ ಪಕ್ಕ ಓಡಾಡಲು ಜಾಗ ಬೇಕೆಂಬ ನಿಯಮ ಅಲ್ಲೇ ಸತ್ತಿತು. ಗೋಡೆ ಬದಿಯವರು ರಾತ್ರಿ ಎದ್ದರೆ ಇನ್ನೊಬ್ಬರ ಹೊಟ್ಟೆಯೇ ಮೆಟ್ಟಿಲು.

ಟೇಪು ಹಿಡಿದು ನೋಡಿ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ 6 ಅಡಿ ಅಗಲದ ಮಂಚ ಹಾಕಿದರೆ ಪಕ್ಕಕ್ಕೆ ಎರಡೆರಡು ಅಡಿ ಉಳಿಯುತ್ತದೆ. ಬಟ್ಟೆ ಬೀರುವಿನ ಆಳವೂ ಹೆಚ್ಚುಕಡಿಮೆ ಅಷ್ಟೇ. ಒಂದು ಬದಿ ಖಲಾಸ್. ಕಾಲ ಕಡೆ ಇಟ್ಟರೆ? ಮಂಚದ ಉದ್ದ ಆರೂವರೆ ಅಡಿ ಕಳೆದು, ಬೀರುವಿನ ಎರಡಡಿಯೂ ಕಳೆದು ಉಳಿಯುವುದು ಒಂದೂವರೆ. ಬೀರುವಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ, ಕತ್ತಲಲ್ಲಿ ಕಾಲಿನ ಕಿರುಬೆರಳು ಮಂಚದ ಕಾಲನ್ನು ತಾನಾಗಿ ಹುಡುಕಿಕೊಂಡು ಹೋಗುತ್ತದೆ. 5 ಅಡಿಯ ಮಂಚ, ಜಾರುಬಾಗಿಲಿನ ಬೀರು: ಇದೊಂದೇ ದಾರಿ.

ಆ ಬೀರುವಿಗೆ ಆಳೆತ್ತರದ ಕನ್ನಡಿ ಇದ್ದೇ ಇರುತ್ತದೆ. ಮಲಗಿದವರ ಪ್ರತಿಬಿಂಬ ಅದರಲ್ಲಿ ಕಾಣಬಾರದು. ಕನ್ನಡಿ ಮುಚ್ಚಲು ಬಿಳಿ ಬೆಡ್‌ಶೀಟ್ ಹೊದಿಸಬೇಡಿ. ಫ್ಯಾನ್ ಗಾಳಿಗೆ ಅದು ಅಲುಗಿದಾಗ ಅರೆನಿದ್ದೆಯಲ್ಲಿ ನೋಡಿದವರ ಎದೆ ಒಡೆದೀತು. ಗಾಢ ಬಣ್ಣದ ದಪ್ಪ ಪರದೆ ಸಾಕು. ತಮಾಷೆಯೆಂದರೆ, ಮಂಚದಿಂದ ಬಾಗಿಲು ಕಾಣದಿದ್ದರೆ ಹೇಳುವ ಪರಿಹಾರವೂ ಕನ್ನಡಿಯೇ!

ತಲೆಯ ಮೇಲೆ ತೊಲೆ ಬಂದರೆ ಕೆಂಪು ದಾರದಲ್ಲಿ ಎರಡು ಬಿದಿರಿನ ಕೊಳಲು ಓರೆಯಾಗಿ ತೂಗುಹಾಕಿ ಅನ್ನುತ್ತಾರೆ. ದಾರ ಸಡಿಲಾದ ದಿನ ತೊಲೆಯ ದೋಷ ಖಂಡಿತ ತಲೆಗೇ ತಗಲುತ್ತದೆ. ಮಂಚವನ್ನೇ ಒಂದೆರಡು ಅಡಿ ಸರಿಸುವುದು ವಾಸಿ.

ಕೊನೆಗೆ ಕುವಾ ಸಂಖ್ಯೆ: ಹುಟ್ಟಿದ ಇಸವಿಯಿಂದ ಯಾರಿಗೆ ಯಾವ ದಿಕ್ಕು ಒಳ್ಳೆಯದೆಂದು ಹೇಳುವ ಲೆಕ್ಕ. 2000ಕ್ಕಿಂತ ಮೊದಲು ಹುಟ್ಟಿದವರು ಇಸವಿಯ ಕೊನೆಯ ಎರಡು ಅಂಕಿಗಳನ್ನು ಒಂದೇ ಅಂಕಿ ಆಗುವವರೆಗೆ ಕೂಡಬೇಕು. ಗಂಡಸರು ಅದನ್ನು 10ರಿಂದ ಕಳೆಯಬೇಕು, ಹೆಂಗಸರು ಅದಕ್ಕೆ 5 ಸೇರಿಸಬೇಕು; ಎರಡಂಕಿ ಬಂದರೆ ಮತ್ತೆ ಕೂಡಬೇಕು. ಜನವರಿಯಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಹಿಂದಿನ ಇಸವಿಯೇ ಲೆಕ್ಕ. 1985ರ ಗಂಡ: 8+5=13, 1+3=4, 10−4=6; ತಲೆ ಪಶ್ಚಿಮಕ್ಕೆ ಉತ್ತಮ. 1988ರ ಹೆಂಡತಿ: 16, 7, 12, 3; ತಲೆ ದಕ್ಷಿಣಕ್ಕೆ. ಒಂದೇ ಮಂಚದಲ್ಲಿ 90 ಡಿಗ್ರಿ! ಇವರ ಪಾದ ಅವರ ಪಕ್ಕೆಲುಬಿಗೆ.

ಈ ದಿಕ್ಕನ್ನಾದರೂ ನೋಡುವುದು ಹೇಗೆ? ಕಬ್ಬಿಣದ ಮಂಚದ ಮೇಲೆ ಮೊಬೈಲ್ ಇಟ್ಟಂತೂ ಅಲ್ಲ. ಕಬ್ಬಿಣ ದಿಕ್ಸೂಚಿಯನ್ನು ಎಳೆದಾಡುತ್ತದೆ, ಒಂದು ದಿಕ್ಕಿಗೆ ಇರುವುದೋ 45 ಡಿಗ್ರಿ ಮಾತ್ರ. ಮಂಚ, ಬೀರುಗಳಿಂದ ದೂರ ನಿಂತು, ಮೂರ್ನಾಲ್ಕು ಕಡೆ ಅಳೆದು, ಅಳತೆಗಳು ತಾಳೆಯಾದರೆ ನಂಬಿ. ಆಗದಿದ್ದರೆ ಗಟ್ಟಿ ಗೋಡೆಗೆ ತಲೆಯಿಟ್ಟು, ಬಾಗಿಲು ಕಾಣುವಂತೆ ಮಲಗಿಬಿಡಿ. ಆಗ ದಂಪತಿಗಳಿಗೆ ಜಗಳಕ್ಕೆ ಉಳಿಯುವುದು ಹೊದಿಕೆ ಒಂದೇ.