ಅವನು ಮೈಗಳ್ಳ ಅಲ್ಲ ಮಾವ

ಭಾನುವಾರ ಮನೆಯಲ್ಲಿ ನಾಟಿಕೋಳಿ ಸಾರು. ಟಿವಿ ಜೋರಾಗಿ ಅರಚುತ್ತಿತ್ತು. ಮಾವ ನನ್ನ ತಮ್ಮನನ್ನು ಕರೆದು, "ಗುತ್ತಲು ರಸ್ತೆ ಅಂಗಡೀಲಿ ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗ, ಹಂಗೇ ಒಂದು ಮೊಸರು ಪ್ಯಾಕೆಟ್ಟು ತಕಂಬಾ" ಅಂದರು. ಅವನು ಕೊಬ್ಬರಿ ತಂದ, ಮೊಸರು ತಂದ. ಮಧ್ಯದ್ದೆಲ್ಲ ಮಾಯ. "ಮಾತ್ರೆ ನುಂಗಿ ನುಂಗಿ ಮೈಗಳ್ಳ ಆಗವ್ನೆ ಕಣಕ್ಕ" ಅಂತ ಅಮ್ಮನ ಮುಂದೆ ತೀರ್ಪೂ ಬಂತು. ಅವನಿಗೆ ಕೇಳಿಸಿತು. ಸುಮ್ನೆ ಚಪ್ಪಲಿ ಮೆಟ್ಟಿ ಮತ್ತೆ ಹೋದ.

ಇವನಿಗೆ ಡೆಂಗ್ಯೂ ಆದಾಗ ಮದ್ದೂರಿಂದ ಎಳನೀರಿನ ಗೊನೆಯನ್ನೇ ಹೊತ್ತು ತಂದಿದ್ದ ಮಾವ ಇವರೇ!

ತಮ್ಮನಿಗಿರೋದು ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನಸ್ಸಿನ ಕಾಯಿಲೆ. ಅದಕ್ಕೇ ಆ ಮಾತ್ರೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಈಗ ನಿಂತಿವೆ. ಯಾರೋ ಹಿಂಬಾಲಿಸ್ತಿದ್ದಾರೆ ಅನ್ನೋ ಭಯವೂ ಇಲ್ಲ. ಅಲ್ಲಿಗೆ ಹುಷಾರಾದ ಅಂತ ಊರಿಗೆ ಊರೇ ತೀರ್ಮಾನ ಮಾಡಿದೆ. ಆದರೆ ಸೈಕೋಸಿಸ್‌ನಲ್ಲಿ ಕೆಡೋದು ಅದೊಂದೇ ಅಲ್ಲ. ಗಮನ, ನೆನಪು, ಯೋಚನೆಯ ವೇಗ ಇವೂ ಎಷ್ಟೋ ಜನರಲ್ಲಿ ಮೊದಲ ಸಲ ಕಾಯಿಲೆ ಕಾಣಿಸಿಕೊಂಡಾಗಲೇ ಕುಗ್ಗಿರುತ್ತವೆ. ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಮಾಡ್ತಾರೆ. ಹಾಳೆಯ ಮೇಲ್ಗಡೆ ಒಂದೊಂದು ಅಂಕಿಗೂ ಒಂದೊಂದು ಗುರುತು, ಅದನ್ನು ನೋಡಿಕೊಂಡು ಕೆಳಗಿನ ಚೌಕಗಳನ್ನು ಬೇಗ ಬೇಗ ತುಂಬಬೇಕು. ತಮ್ಮ ತಪ್ಪು ಮಾಡಲಿಲ್ಲ. ಪ್ರತಿ ಚೌಕಕ್ಕೂ ಪೆನ್ನೆತ್ತಿ, ಮೇಲೆ ನೋಡಿ, ಮತ್ತೆ ನೋಡಿ ಬರೆದ. ಅರ್ಧ ಹಾಳೆ ಖಾಲಿ ಇರುವಾಗಲೇ ಸಮಯ ಮುಗಿಯಿತು. ಅದನ್ನು ಸೋಮಾರಿತನ ಅಂತೀರಾ? 1890ರ ದಶಕದಲ್ಲೇ ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ ಈ ಮಂಕುತನದ ಬಗ್ಗೆ ಬರೆದಿದ್ದ. ಮಂಡ್ಯಕ್ಕೆ ಸುದ್ದಿ ಇನ್ನೂ ಬಂದಿಲ್ಲ.

"ಎಲ್ಲಾ ಮಾತ್ರೆಯಿಂದಲೇ" ಅನ್ನುವವರಿಗೆ: ಸ್ವಲ್ಪ ನಿಜ. ಡೋಸ್ ಜಾಸ್ತಿಯಾದರೆ ಮಂಪರು ಬರುತ್ತೆ. ಈ ಮಾತ್ರೆಗಳಿಂದ ಬರುವ ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಅನ್ನೋ ಇನ್ನೊಂದು ಮಾತ್ರೆ ನೆನಪನ್ನು ಮಂಕು ಮಾಡಬಹುದು. ಅದನ್ನು ಡಾಕ್ಟರ ಹತ್ತಿರ ಕೇಳಿ, ಕೋಳಿ ಸಾರಿನ ಮುಂದಲ್ಲ. ಮಾತ್ರೆಯನ್ನೇ ಮುಟ್ಟದವರಲ್ಲೂ ಈ ನಿಧಾನ ಕಂಡಿದೆ. ಇವನು ಪಿಯುಸಿಯಲ್ಲಿ ಒಂದೇ ಪುಟ ತಿರುಗಿಸಿ ತಿರುಗಿಸಿ ಓದುತ್ತಾ ಕೂತಿರುತ್ತಿದ್ದ. ಆಗ ಯಾವ ಮಾತ್ರೆ ಇತ್ತು? ಮಾವನ ಮಾತು ಕೇಳಿ ಮಾತ್ರೆ ಬಿಟ್ಟು ದನಿಗಳು ವಾಪಸ್ ಬಂದರೆ, ರಾತ್ರಿ ಎರಡಕ್ಕೆ ಅವನ ಪಕ್ಕ ಕೂರೋದು ಮಾವ ಅಲ್ಲ, ನಾನು.

ನಿಜ ಹೇಳಲಾ? ದನಿಗಳಿದ್ದಾಗಲೇ ಜನ ಅವನ ಜೊತೆ ಮೆತ್ತಗೆ ಇದ್ದರು. ಹೆದರಿಕೆಗೋ ಏನೋ. ಒಮ್ಮೊಮ್ಮೆ ಆ ದಿನಗಳೇ ವಾಸಿ ಅನ್ನಿಸಿ, ನನ್ನ ಮೇಲೆ ನನಗೇ ಅಸಹ್ಯವಾಗುತ್ತೆ.

ಅವನಿಗೆ ಬೇಕಾಗಿರೋದು ದೊಡ್ಡದೇನಲ್ಲ. ಟಿವಿ ಆರಿಸಿ ಹೇಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಚೀಟಿ ಬರೆದು ಕೊಡಿ. ಗಮನ, ನೆನಪಿಗೆ ಅಭ್ಯಾಸ ಮಾಡಿಸುವ ತರಬೇತಿಯೂ ಇದೆ, ಕೆಲವರಿಗೆ ಚೆನ್ನಾಗಿಯೇ ಉಪಯೋಗವಾಗುತ್ತೆ. ಯಾರ ಮನೆಯಲ್ಲಾದರೂ ಇದು ಈಗ ಶುರುವಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕಾಮೆಂಟಿನಲ್ಲಿ ಬ್ರಾಹ್ಮಿ ಎಣ್ಣೆ, ಮದುವೆ, ಶನಿಶಾಂತಿ ಅಂತ ಬರೆಯುವವರನ್ನು ಮುಲಾಜಿಲ್ಲದೆ ಬ್ಲಾಕ್ ಮಾಡ್ತೀನಿ, ಸಂಬಂಧಿಕರೂ ಸೇರಿ.