ಸೀನಿಯರ್ ಲಿವಿಂಗ್ ಮನೆ ನೋಡೋಕೆ ಹೋದ್ರೆ, ಕ್ಲಬ್‌ಹೌಸ್ ಆಮೇಲೆ ನೋಡಿ

ಅರವತ್ತು ದಾಟಿದವರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟು, ವಿಲ್ಲಾಗಳು ಬೆಂಗಳೂರಿನ ಸುತ್ತ ಈಗ ಜಾಸ್ತಿಯಾಗುತ್ತಿವೆ. ಕನಕಪುರ ರಸ್ತೆ, ದೇವನಹಳ್ಳಿ ಕಡೆ ಬೋರ್ಡುಗಳು ಕಾಣುತ್ತವೆ. ಮೈಸೂರಲ್ಲೂ ಇವೆ. ಕೊಯಮತ್ತೂರಂತೂ ಇದಕ್ಕೇ ಹೆಸರಾದ ಊರು. ನನ್ನ ಚಿಕ್ಕಮ್ಮ, ಚಿಕ್ಕಪ್ಪ ಇಂಥದೊಂದು ಕಡೆ ಇದ್ದಾರೆ. ಆಗಾಗ ಹೋಗಿ ಇದ್ದು ಬರುತ್ತೇನೆ. ಮೊನ್ನೆ ಗೆಳೆಯನೊಬ್ಬ, "ಅಪ್ಪ ಅಮ್ಮನಿಗೆ ಒಂದು ನೋಡ್ತಿದೀನಿ, ಏನೇನು ಕೇಳ್ಬೇಕು ಹೇಳು" ಅಂದ. ಫೋನಲ್ಲಿ ಹೇಳಿ ಮುಗಿಯಲಿಲ್ಲ. ಇಲ್ಲೇ ಬರೆದುಬಿಡುತ್ತೇನೆ.

ಮೊದಲು ನೆಂಟರ ಮಾತು. "ಮಗ ಅಮೆರಿಕದಲ್ಲಿ ಆರಾಮಾಗಿದಾನೆ, ಇವರನ್ನ ಆಶ್ರಮಕ್ಕೆ ಸೇರಿಸಿದಾನೆ" ಅಂತ ಮದುವೆಮನೆಯಲ್ಲಿ ಪಿಸುಗುಟ್ಟುವವರು ಇನ್ನೂ ಇದ್ದಾರೆ. ಚಿಕ್ಕಮ್ಮ ಇದಕ್ಕೆ ತಲೆಯೇ ಕೆಡಿಸಿಕೊಳ್ಳಲಿಲ್ಲ. "ಐವತ್ತು ವರ್ಷ ಒಲೆ ಮುಂದೆ ನಿಂತಿದೀನಿ ಕಣೋ. ಇನ್ನು ಯಾರಾದ್ರೂ ಮಾಡಿ ಹಾಕ್ಲಿ" ಅಂದರು. ಹೋಗೋಣ ಅಂತ ಹಟ ಹಿಡಿದದ್ದೇ ಅವರು.

ಅಲ್ಲಿನ ದಿನ ಅಡುಗೆಮನೆಯ ಗಡಿಯಾರದ ಪ್ರಕಾರ ನಡೆಯುತ್ತದೆ. ಬೆಳಗ್ಗೆ ಆರಕ್ಕೆ ಫ್ಲಾಸ್ಕಿನಲ್ಲಿ ಕಾಫಿ ಬರುತ್ತದೆ. ಚಿಕ್ಕಪ್ಪನ ಲೆಕ್ಕದಲ್ಲಿ ಅದು ಕಾಫಿಯೇ ಅಲ್ಲ. ಮನೆಯಲ್ಲೇ ಡಿಕಾಕ್ಷನ್ ಇಳಿಸಿಕೊಂಡು ಕುಡಿಯುತ್ತಾರೆ. ಆಮೇಲೆ ಅದನ್ನೂ ಕುಡಿಯುತ್ತಾರೆ, ದುಡ್ಡು ಕೊಟ್ಟಿದೀವಲ್ಲ ಅಂತ. ಎಂಟಕ್ಕೆ ತಿಂಡಿ, ಹನ್ನೆರಡೂವರೆಗೆ ಊಟ, ರಾತ್ರಿ ಊಟ ಏಳೂವರೆಗೆಲ್ಲ ಶುರು. ಜೀವನವೆಲ್ಲ ಒಂಬತ್ತಕ್ಕೆ ಉಂಡವರಿಗೆ ಹತ್ತೂವರೆಗೆ ಮತ್ತೆ ಹಸಿವಾಗುತ್ತದೆ. ಪ್ರತಿ ಮನೆಯಲ್ಲೂ ಒಂದು ಡಬ್ಬಿ ಮಾರಿ ಬಿಸ್ಕತ್ತೋ ಅವಲಕ್ಕಿಯೋ ಇದ್ದೇ ಇರುತ್ತದೆ. ಯಾಕೆ ಅಷ್ಟು ಬೇಗ ಅಂದರೆ, ಪಾತ್ರೆ ತೊಳೆದಿಟ್ಟು ಕೆಲಸದವರು ಒಂಬತ್ತೂವರೆಯ ಬಸ್ಸು ಹಿಡಿಯಬೇಕು.

ಊಟದ ಜಗಳ ಮುಗಿಯುವಂಥದ್ದಲ್ಲ. ಉಪ್ಪು ಕಮ್ಮಿ ಅಂತ ಒಬ್ಬರು. ಬಿಪಿ ಇದೆ, ಇಷ್ಟೇ ಸಾಕು ಅಂತ ಇನ್ನೊಬ್ಬರು. ಈರುಳ್ಳಿ ಬೆಳ್ಳುಳ್ಳಿ ಹಾಕದ ಹುಳಿಗೆ ಬೇರೆ ಪಾತ್ರೆ. ದಿಲ್ಲಿಯಲ್ಲಿ ಕೆಲಸ ಮಾಡಿ ಬಂದವರಿಗೆ ಪುಲ್ಕಾ ಬೇಕು, ಹಲ್ಲುಸೆಟ್ಟಿನವರಿಗೆ ಮೆತ್ತಗಿನ ಅನ್ನ. ಮುದ್ದೆ ವಾರಕ್ಕೆ ಒಂದೇ ದಿನ. ಅದೂ ಗಂಟುಗಂಟಾದರೆ, ಆ ವಾರ ಊಟದ ಸಮಿತಿಯ ಮೀಟಿಂಗ್ ವಿಧಾನಸಭೆಯನ್ನೇ ಮೀರಿಸುತ್ತದೆ. ಗೆಳೆಯನಿಗೆ ಹೇಳಿದ್ದು ಇಷ್ಟೇ: ಮಾಡೆಲ್ ಫ್ಲ್ಯಾಟ್ ನೋಡಿದ್ದು ಸಾಕು, ಡೈನಿಂಗ್ ಹಾಲಲ್ಲಿ ದುಡ್ಡು ಕೊಟ್ಟು ಊಟ ಮಾಡು. ಮಧ್ಯಾಹ್ನದ್ದಲ್ಲ, ರಾತ್ರಿಯದು. ಮಧ್ಯಾಹ್ನ ಮಿಕ್ಕಿದ್ದು ಏನಾಗುತ್ತದೆ ಅಂತ ಆಗಲೇ ಗೊತ್ತಾಗೋದು.

ಕಟ್ಟಡ ಬಹಳ ಕಡೆ ಚೆನ್ನಾಗೇ ಇರುತ್ತದೆ. ಬಚ್ಚಲಲ್ಲಿ ಹಿಡಿಕೆ, ಜಾರದ ಟೈಲ್ಸ್, ವೀಲ್‌ಚೇರ್ ಹೋಗುವಷ್ಟು ಅಗಲದ ಬಾಗಿಲು, ಸ್ಟ್ರೆಚರ್ ಹಿಡಿಸುವ ಲಿಫ್ಟು. ಒಂದು ಮಾತ್ರ ಬಗ್ಗಿ ನೋಡಿ. ಬಚ್ಚಲಿನ ಎಮರ್ಜೆನ್ಸಿ ಹಗ್ಗ ನೆಲದ ಹತ್ತಿರದವರೆಗೂ ಇಳಿದಿದೆಯಾ? ಬಿದ್ದವರು ನೆಲದ ಮೇಲಿರುತ್ತಾರೆ. ಎದೆಯೆತ್ತರದ ಬಟನ್ ಇಟ್ಟುಕೊಂಡು ಏನು ಮಾಡ್ತಾರೆ? ನೆಲ ಒರೆಸುವಾಗ ಅಡ್ಡ ಬರುತ್ತೆ ಅಂತ ಹಗ್ಗವನ್ನು ಸುತ್ತಿ ಮೇಲೆ ಕಟ್ಟಿಟ್ಟದ್ದನ್ನೂ ನೋಡಿದ್ದೇನೆ.

ಹಗ್ಗ ಎಳೆದರೆ ಬರೋರು ಯಾರು ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಓಡಿ ಬರೋದು ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಹುಡುಗಿ. ಊರು ರಾಯಚೂರು ಕಡೆಯೋ, ಒಡಿಶಾವೋ, ಅಸ್ಸಾಮೋ. ಚಿಕ್ಕಮ್ಮನ ಬ್ಲಾಕಿನಲ್ಲಿ ಅಂಥವಳೊಬ್ಬಳಿದ್ದಳು. ಯಾರಿಗೆ ಯಾವ ಕಿವಿ ಕೇಳಿಸಲ್ಲ, ಮಾತ್ರೆ ನುಂಗದೆ ನುಂಗಿದೆ ಅನ್ನೋರು ಯಾರು, ಮಗಳ ಫೋನ್ ಬರದಿದ್ದರೆ ಊಟ ಬಿಡೋರು ಯಾರು, ಎಲ್ಲ ಗೊತ್ತಿತ್ತು. ಬೇರೆ ಕಡೆ ಸಂಬಳ ಸ್ವಲ್ಪ ಜಾಸ್ತಿ ಸಿಕ್ಕಿತು, ಹೋದಳು. ಅವಳಿಗೆ ಗೊತ್ತಿದ್ದದ್ದು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಹೊಸಬಳು ಬಂದು ಚಿಕ್ಕಪ್ಪನ ಕೇಳಿಸದ ಕಿವಿಗೇ ದಿನಾ ಕೂಗುತ್ತಿದ್ದಳು, ಪಾಪ.

ಇಲ್ಲಿ ನನಗೆ ನಿವಾಸಿಗಳ ಮೇಲೂ ಸ್ವಲ್ಪ ಸಿಟ್ಟಿದೆ. ತಿಂಗಳ ಮೇಂಟೆನೆನ್ಸ್ ಏರಿಸಬೇಡಿ ಅಂತ ಪ್ರತಿ ಸಭೆಯಲ್ಲೂ ಗಲಾಟೆ. ಪೆನ್ಷನ್ ನಂಬಿ ಬದುಕುವವರ ಕಷ್ಟ ಸುಳ್ಳಲ್ಲ. ವರ್ಷಕ್ಕೆ 20 ಲಕ್ಷದ ಮೇಲೆ ವಹಿವಾಟು ಇರುವ ನಿವಾಸಿಗಳ ಸಂಘದಲ್ಲಿ ಒಬ್ಬರ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿದರೆ ಅದರ ಮೇಲೆ 18% ಜಿಎಸ್‌ಟಿ ಬೇರೆ. ಆದರೆ ಖರ್ಚು ಕಡಿಮೆ ಮಾಡಿ ಅಂದಾಗ ಕತ್ತರಿ ಬೀಳೋದು ಈಜುಕೊಳಕ್ಕಲ್ಲ. ಈ ಹುಡುಗಿಯರ ಸಂಬಳಕ್ಕೆ. ಅವರ ರೂಮು ಹೇಗಿದೆ, ಒಂದು ರೂಮಲ್ಲಿ ಎಷ್ಟು ಜನ ಮಲಗ್ತಾರೆ, ವಾರದ ರಜೆ ಸಿಗುತ್ತಾ ಅಂತ ಕೊಳ್ಳೋಕೆ ಬಂದವರು ಯಾರೂ ಕೇಳಲ್ಲ. ನೀವು ಕೇಳಿ. ಹಳೇ ನರ್ಸ್ ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ಕೇಳಿ. ಸೇಲ್ಸ್‌ನವರು ತಡವರಿಸಿದರೆ ಉತ್ತರ ಸಿಕ್ಕ ಹಾಗೇ.

ಸಿಬ್ಬಂದಿ ಗಟ್ಟಿಯಿದ್ದರೆ ಎಷ್ಟು ಸುಖ ಅನ್ನೋದಕ್ಕೆ ನವೆಂಬರ್ ತಿಂಗಳೇ ಸಾಕ್ಷಿ. ಪೆನ್ಷನ್‌ದಾರರು ಬದುಕಿದ್ದೇವೆ ಅಂತ ಸರ್ಟಿಫಿಕೇಟ್ ಕೊಡುವ ತಿಂಗಳದು. ವಯಸ್ಸಾದವರ ಬೆರಳಚ್ಚು ಸವೆದು ಮಷೀನು ಹಿಡಿಯಲ್ಲ. 2021ರಿಂದ ಫೋನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ. ಆಫೀಸಿನ ಹುಡುಗ ಮನೆಮನೆಗೂ ಹೋಗಿ, "ಸರ್, ಕಣ್ಣು ಮಿಟುಕಿಸಿ" ಅಂತ ಒಂದೇ ಬೆಳಗ್ಗೆ ಅರ್ಧ ಬ್ಲಾಕ್ ಮುಗಿಸಿದ. ಚಿಕ್ಕಪ್ಪನಿಗೆ ಬ್ಯಾಂಕಿಗೆ ಹೋಗುವ ನೆಪ ತಪ್ಪಿತು ಅಂತ ಬೇಜಾರು.

ಇನ್ನು ಕಾಗದಪತ್ರ. ಮನೆ ಕೊಳ್ಳುವವರ ಹಿತ ಕಾಯೋಕೆ ಇರುವ ರೇರಾ ಕಾಯ್ದೆ ಕಟ್ಟಡದ ಮಟ್ಟಿಗೆ ಸಹಾಯಕ್ಕೆ ಬರುತ್ತದೆ. ಹಸ್ತಾಂತರವಾಗಿ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಮಾಡಿಕೊಡಬೇಕು. ಸಾರು ನೀರಾದರೆ, ರಾತ್ರಿ ನರ್ಸ್ ಇಲ್ಲದಿದ್ದರೆ ಅದರಲ್ಲಿ ದಾರಿ ಕಾಣಲ್ಲ. ನಿವೃತ್ತರ ಮನೆಗಳಿಗೆ ಅಂತಲೇ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ತಂದಿತು. ಬಿಲ್ಡರ್, ಸೇವೆ ಕೊಡುವ ಸಂಸ್ಥೆ, ಮನೆ ಕೊಳ್ಳುವವರು, ಮೂವರೂ ಸೇರಿ ಒಪ್ಪಂದ ಮಾಡಿಕೊಳ್ಳಬೇಕು ಎಂಬ ಒಳ್ಳೆಯ ಮಾತು ಅದರಲ್ಲಿದೆ. ಆದರೆ ಅದು ಮಾದರಿಯಷ್ಟೇ, ತಾನಾಗಿ ಯಾರನ್ನೂ ಕಟ್ಟಿಹಾಕಲ್ಲ. ಹಾಗಾಗಿ ಊಟ, ನರ್ಸ್, ಆಂಬುಲೆನ್ಸ್ ಏನೇನು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಬ್ರೋಷರಿನಲ್ಲಿ ಇದ್ದರೆ ಸಾಲದು.

ಇನ್ನೂ ಎರಡು ಕೇಳಲೇಬೇಕು. ಓಡಾಡಿಕೊಂಡು ಇರುವವರೆಗೆ ಎಲ್ಲ ಸಲೀಸು. ಸ್ನಾನಕ್ಕೆ, ಊಟಕ್ಕೆ ಇನ್ನೊಬ್ಬರ ಕೈ ಬೇಕಾದಾಗ, ಮರೆವು ಶುರುವಾದಾಗ ಏನು? ಬಹಳ ಕಡೆ ಅಲ್ಲಿಂದಾಚೆ ಅಟೆಂಡರ್ ನಿಮ್ಮದೇ ಖರ್ಚು. ಏಜೆನ್ಸಿ ಕಳಿಸುವವರು ಪದೇಪದೇ ಬದಲಾಗುತ್ತಾರೆ. ಇನ್ನೊಂದು, ಗಂಡ ಹೆಂಡತಿಯಲ್ಲಿ ಒಬ್ಬರೇ ಉಳಿದಾಗ ತಿಂಗಳ ಬಿಲ್ಲಿನಲ್ಲಿ ಎಷ್ಟು ಇಳಿಯುತ್ತದೆ? ಊಟದ್ದು ಇಳಿಯುತ್ತದೆ, ಉಳಿದದ್ದು ಹಾಗೇ ಇರಬಹುದು. ಇದನ್ನು ಅಪ್ಪ ಅಮ್ಮನ ಎದುರಿಗೆ ಕೇಳೋಕೆ ಆಗಲ್ಲ ಅಂತ ಗೆಳೆಯ ಅಂದ. ಚಿಕ್ಕಮ್ಮ ತಾವೇ ಕೇಳಿದ್ದರು, ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದಾಗ.

ನಿಮ್ಮ ಮನೆಯ ಹಿರಿಯರು ಇಂಥ ಕಡೆ ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಬಿಲ್ಡರ್ ಕೈಬಿಟ್ಟು ಸೇವೆ ಬೇರೆ ಕಂಪನಿಗೆ ಹೋದ ಮೇಲೆ ಏನಾಯ್ತು, ಹಳೇ ಕೆಲಸದವರು ಉಳಿದರಾ ಅಂತ ತಿಳಿದವರಿದ್ದರೆ ಇನ್ನೂ ಒಳ್ಳೆಯದು. ಗೆಳೆಯ ಮುಂದಿನ ತಿಂಗಳು ಅಡ್ವಾನ್ಸ್ ಕೊಡೋದರಲ್ಲಿದಾನೆ.